ಗೆರೆ ಬಂದರೆ ಮೊದಲು ಸ್ಕೇಲ್ ಹಿಡಿಯಿರಿ: ಫ್ಲೆಕ್ಸ್ ಮಷಿನ್‌ನ ಯಾಂತ್ರಿಕ ದೋಷ ಹುಡುಕುವ ಕ್ರಮ

ಬ್ಯಾನರ್ ಪ್ರಿಂಟ್ ಮಾಡುವ ಫ್ಲೆಕ್ಸ್ ಮಷಿನ್ ಪ್ರಿಂಟಿನ ಮೇಲೆ ಬೇಡದ ಗೆರೆ ಹಾಕಲು ಶುರುಮಾಡಿದರೆ ನಮ್ಮ ಕಡೆ ಆಪರೇಟರ್ ಮಾಡುವ ಮೊದಲ ಕೆಲಸ ಹೆಡ್ (ಇಂಕ್ ಚಿಮ್ಮಿಸುವ ಭಾಗ) ಕ್ಲೀನಿಂಗ್. ಹೋಗಲಿಲ್ಲವೋ, ಮತ್ತೊಮ್ಮೆ ಕ್ಲೀನಿಂಗ್. ಆಮೇಲೆ ಸಿರಿಂಜ್ ಹಿಡಿದು ಸಾಲ್ವೆಂಟ್ ತಳ್ಳುವುದು. ಅಷ್ಟು ಹೊತ್ತಿಗೆ ಬೇಕಾದಷ್ಟು ಇಂಕ್ ವೇಸ್ಟ್ ಬಾಟಲಿ ಸೇರಿರುತ್ತದೆ, ಚೆನ್ನಾಗಿದ್ದ ಹೆಡ್ಡಿಗೂ ಏನಾದರೊಂದು ಆಗಿರುತ್ತದೆ, ಗೆರೆ ಮಾತ್ರ ಜಪ್ಪಯ್ಯ ಅಂದರೂ ಕದಲಿರುವುದಿಲ್ಲ. ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆಯ ಅಂಗಡಿಗಳಲ್ಲಿ ಮಷಿನ್ ರಿಪೇರಿ ಮಾಡಿಕೊಂಡು ಓಡಾಡುವ ನನಗೆ ಬರುವ ‘ಹೆಡ್ ಹೋಯ್ತು’ ಫೋನುಗಳಲ್ಲಿ ಎಷ್ಟೋ ಸಲ ಹೆಡ್ಡಿನದು ಏನೂ ತಪ್ಪಿರುವುದಿಲ್ಲ. ರೋಲರ್, ಬೆಲ್ಟ್, ಪುಲ್ಲಿ, ರೈಲ್, ಎನ್‌ಕೋಡರ್ ಪಟ್ಟಿ, ಇವುಗಳಲ್ಲಿ ಒಂದು ಕೈಕೊಟ್ಟಿರುತ್ತದೆ.

ತಿರುಗುವ ಭಾಗದಲ್ಲಿ ಓರೆಕೋರೆ ಇದ್ದರೆ ಅದು ಪ್ರತಿ ಸುತ್ತಿಗೊಮ್ಮೆ ಪ್ರಿಂಟಿನ ಮೇಲೆ ತನ್ನ ಗುರುತು ಬಿಟ್ಟೇ ಬಿಡುತ್ತದೆ. ಗುರುತಿನಿಂದ ಗುರುತಿಗೆ ಎಷ್ಟು ದೂರ ಅಂತ ಅಳೆದರೆ ಯಾವ ಭಾಗ ಅನ್ನುವುದು ಕವರ್ ಬಿಚ್ಚುವ ಮೊದಲೇ ಬಹುಪಾಲು ಗೊತ್ತಾಗುತ್ತದೆ. ಆದರೆ ಅಳೆಯುವವರು ಕಡಿಮೆ. ಫೋನ್ ಮಾತು ಹೀಗಿರುತ್ತದೆ:

“ಅಣ್ಣಾ, ಮಷಿನ್ ಮತ್ತೆ ಗೆರೆ ಹಾಕ್ತಾ ಇದೆ.”

“ಎಂಥ ಗೆರೆ?”

“ಗೆರೆ ಅಣ್ಣಾ, ಅದೇ ಗೆರೆ. ಹೆಡ್ಡೇ ಹೋಗಿದೆ ಅನ್ಸುತ್ತೆ.”

“ಎಷ್ಟು ದೂರಕ್ಕೊಂದು ಬರ್ತಾ ಇದೆ ಮಾರಾಯ? ಸ್ಕೇಲ್ ಇಟ್ಟು ನೋಡಿದ್ಯಾ?”

“…ಇರಿ, ನೋಡಿ ಹೇಳ್ತೀನಿ.”

ಆ ಅಳತೆ ಬಂದ ಮೇಲೆಯೇ ನಾನು ಬ್ಯಾಗಿಗೆ ಏನು ತುಂಬಿಕೊಳ್ಳಬೇಕು ಅಂತ ಯೋಚಿಸುವುದು. ಆಗುಂಬೆಯ ತನಕ ಹೋಗಿ ಬೆಲ್ಟ್ ತಂದಿಲ್ಲ ಅಂತ ವಾಪಸ್ ಬರುವುದು ಯಾರಿಗೂ ಬೇಡ.

ಪರೀಕ್ಷೆಗೆ ಏನು ಪ್ರಿಂಟ್ ಹಾಕಬೇಕು

ಗಿರಾಕಿಯ ಫೋಟೊ ಮೇಲೆ ದೋಷ ಹುಡುಕಬೇಡಿ. ಮುಖ, ಹೂವಿನ ಹಾರ, ಹಿಂದೆ ಸೂರ್ಯನ ಕಿರಣ, ಇವುಗಳ ನಡುವೆ ಕಣ್ಣು ಮೋಸ ಹೋಗುತ್ತದೆ. ಕಪ್ಪು ಅಥವಾ ಸಯಾನ್ ಬಣ್ಣದ ಒಂದೇ ಸಮ ತಿಳಿ ಛಾಯೆ, ಸುಮಾರು 30ರಿಂದ 40 ಶೇಕಡಾ, ಅಗಲ ಮಷಿನ್ ಪೂರ್ತಿ, ಉದ್ದ ಕನಿಷ್ಠ ಒಂದು ಮೀಟರ್. ಹಳದಿಯಲ್ಲಿ ಹಾಕಿದರೆ ಪ್ರಯೋಜನವಿಲ್ಲ, ಅದರಲ್ಲಿ ದೋಷ ಕಾಣುವುದೇ ಇಲ್ಲ. ಪೂರ್ತಿ ಗಾಢ ಬಣ್ಣದಲ್ಲೂ ಇಂಕ್ ಹರಡಿ ಸಣ್ಣ ತಪ್ಪು ಮುಚ್ಚಿಹೋಗುತ್ತದೆ. ಇದಕ್ಕೂ ಮುಂಚೆ ನಾಝಲ್ ಚೆಕ್ (ಹೆಡ್ಡಿನ ಇಂಕ್ ರಂಧ್ರಗಳೆಲ್ಲ ತೆರೆದಿವೆಯಾ ಅಂತ ತೋರಿಸುವ ಪ್ರಿಂಟ್) ಒಂದು ತೆಗೆದಿಟ್ಟುಕೊಳ್ಳಿ. ನಾಝಲ್ ಪೂರ್ತಿ ಇದ್ದೂ ಗೆರೆ ಬರುತ್ತಿದೆ ಅಂದರೆ ಹೆಡ್ಡಿಗೆ ಕೈ ಹಾಕುವ ಅಗತ್ಯ ಸದ್ಯಕ್ಕಿಲ್ಲ.

ಪ್ರಿಂಟ್ ಬಂದ ಮೇಲೆ ಬಾಗಿಲ ಬಳಿ ಬೆಳಕಿಗೆ ತನ್ನಿ. ಕ್ಯಾರೇಜ್ (ಹೆಡ್ ಹೊತ್ತು ಅತ್ತಿತ್ತ ಓಡುವ ಭಾಗ) ಓಡುವ ದಿಕ್ಕಿನಲ್ಲೇ ಮಲಗಿದ ಗೆರೆಯನ್ನು ಇಲ್ಲಿ ಅಡ್ಡಗೆರೆ ಅನ್ನುತ್ತೇನೆ, ಫ್ಲೆಕ್ಸ್ ಮುಂದೆ ಸರಿಯುವ ದಿಕ್ಕಿನಲ್ಲಿ ಹೋಗುವುದನ್ನು ಉದ್ದಗೆರೆ. ಅಡ್ಡಗೆರೆ ಅಂದರೆ ಸಂಶಯ ಫೀಡ್ ಕಡೆ: ರೋಲರ್, ಅದನ್ನು ತಿರುಗಿಸುವ ಮೋಟರ್, ಬೆಲ್ಟ್. ಉದ್ದಗೆರೆ ಅಂದರೆ ಕ್ಯಾರೇಜ್ ಕಡೆ: ರೈಲ್, ಬೇರಿಂಗ್, ಕ್ಯಾರೇಜ್ ಬೆಲ್ಟ್, ಎನ್‌ಕೋಡರ್ ಪಟ್ಟಿ. ಈ ಒಂದು ವಿಂಗಡಣೆಗೆ ಅರ್ಧ ಕೆಲಸ ಮುಗಿಯಿತು.

ಅಡ್ಡಗೆರೆ: ಪಾಸ್ ಬದಲಿಸಿ ನೋಡಿ

ಒಂದೇ ಜಾಗ ತುಂಬಲು ಕ್ಯಾರೇಜ್ ಎಷ್ಟು ಸಲ ಓಡುತ್ತದೋ ಅಷ್ಟು ಪಾಸ್. ಒಂದೇ ಫೈಲನ್ನು ಎರಡು ಬೇರೆ ಪಾಸಿನಲ್ಲಿ ಹಾಕಿ, ಉದಾಹರಣೆಗೆ 4 ಮತ್ತು 8. ಗೆರೆಗಳ ನಡುವಿನ ದೂರ ಪಾಸಿನ ಜೊತೆ ಬದಲಾಯಿತಾ, ಇಲ್ಲವಾ? ನನ್ನ ಮಟ್ಟಿಗೆ ಇಡೀ ರೋಗನಿರ್ಣಯದಲ್ಲಿ ಇದಕ್ಕಿಂತ ಬೆಲೆಬಾಳುವ ಪರೀಕ್ಷೆ ಇನ್ನೊಂದಿಲ್ಲ.

ಯಾಕೆಂದರೆ ಕ್ಯಾರೇಜ್ ಒಮ್ಮೆ ಓಡಿದ ಮೇಲೆ ಫ್ಲೆಕ್ಸ್ ಎಷ್ಟು ಮುಂದೆ ಸರಿಯಬೇಕು ಅನ್ನುವುದು ಹೆಡ್ಡಿನ ಪ್ರಿಂಟ್ ಅಗಲವನ್ನು ಪಾಸಿನಿಂದ ಭಾಗಿಸಿದಷ್ಟು. ಎಪ್ಸನ್ ಡಿಎಕ್ಸ್5 ಹೆಡ್ಡಿನಲ್ಲಿ ಒಂದು ಸಾಲಿಗೆ 180 ನಾಝಲ್, ಇಂಚಿಗೆ 180ರಂತೆ, ಅಂದರೆ ಅಗಲ ಒಂದು ಇಂಚು, 25.4 ಮಿ.ಮೀ. ನಾಲ್ಕು ಪಾಸಿಗೆ 6.35 ಮಿ.ಮೀ. ಸ್ಟೆಪ್ (ಒಂದು ಸಲ ಸರಿಯುವ ದೂರ), ಎಂಟಕ್ಕೆ 3.2ರ ಹತ್ತಿರ. ನಮ್ಮ ಹತ್ತಡಿ ಮಷಿನ್‌ಗಳಲ್ಲಿ ಹೆಚ್ಚು ಕಾಣುವ ಕೋನಿಕಾ 512 ಹೆಡ್ಡಿನಲ್ಲಿ 512 ನಾಝಲ್, ಇಂಚಿಗೆ 360ರಂತೆ, ಅಗಲ 36.1 ಮಿ.ಮೀ. ಬಣ್ಣಕ್ಕೊಂದೇ ಹೆಡ್ ಇದ್ದರೆ ನಾಲ್ಕು ಪಾಸಿಗೆ 9 ಮಿ.ಮೀ. ಸ್ಟೆಪ್. ಐ3200 ಹೆಡ್ಡಿನ ಅಗಲ 33.8 ಮಿ.ಮೀ.

ನಿಮ್ಮ ಗೆರೆ ಈ ಸ್ಟೆಪ್ ಅಳತೆಗೇ ಸರಿಯಾಗಿ ಕೂತು, ಪಾಸ್ ಬದಲಿಸಿದರೆ ತಾನೂ ಬದಲಾದರೆ ಯಾಂತ್ರಿಕ ದೋಷ ಇಲ್ಲ ಅಂತಲೇ ಇಟ್ಟುಕೊಳ್ಳಿ. ಸ್ಟೆಪ್ ಕ್ಯಾಲಿಬ್ರೇಷನ್ ಮಾಡಿದರೆ ಸಾಕು. ಕಪ್ಪು ಗೆರೆ ಬಂದರೆ ಒಂದು ಪಾಸ್ ಇನ್ನೊಂದರ ಮೇಲೆ ಹತ್ತಿದೆ, ಫ್ಲೆಕ್ಸ್ ಸರಿಯುವುದು ಕಡಿಮೆಯಾಗಿದೆ, ಸ್ಟೆಪ್ ಹೆಚ್ಚಿಸಿ. ಬಿಳಿ ಗೆರೆ ಬಂದರೆ ಹೆಚ್ಚು ಸರಿದಿದೆ, ಇಳಿಸಿ. ಒಂದು ರೋಲ್ ಸ್ಟಾರ್ ಫ್ಲೆಕ್ಸಿಗೆ ಹೊಂದಿಸಿದ ಸ್ಟೆಪ್ ಇನ್ನೊಂದು ಕಂಪನಿಯ ರೋಲಿಗೆ ಹೊಂದಬೇಕಂತಿಲ್ಲ, ದಪ್ಪ ಬದಲಾದರೆ ಇದೂ ಬದಲಾಗುತ್ತದೆ.

ಪಾಸ್ ಬದಲಿಸಿದರೂ ಗೆರೆಯ ದೂರ ಹಾಗೇ ಉಳಿದರೆ ಮಾತ್ರ ಸ್ಪ್ಯಾನರ್ ತೆಗೆಯಿರಿ. ಅದು ರೋಲರಿನದೋ, ರೋಲರ್ ತಿರುಗಿಸುವ ಸರಣಿಯದೋ.

ದೂರ ಅಳೆಯುವಾಗ ಒಂದು ಗೆರೆಯಿಂದ ಪಕ್ಕದ ಗೆರೆಗೆ ಅಳೆದು ಲೆಕ್ಕ ಹಾಕಬೇಡಿ. ಗೆರೆಯ ಅಂಚು ಮಸುಕಾಗಿರುತ್ತದೆ, ಎರಡು ಮೂರು ಮಿ.ಮೀ. ತಪ್ಪು ಅಲ್ಲೇ ನುಸುಳುತ್ತದೆ. ಹತ್ತು ಅಂತರ ಒಟ್ಟಿಗೆ ಅಳೆದು ಹತ್ತರಿಂದ ಭಾಗಿಸಿ. ಅಳತೆ ಟೇಪಿನ ತುದಿಯ ಕೊಕ್ಕೆ ಸಡಿಲ ಇರುತ್ತದೆ, ಹಾಗಾಗಿ ಸೊನ್ನೆಯಿಂದ ಬೇಡ, 10 ಸೆಂ.ಮೀ. ಗುರುತಿನಿಂದ ಶುರುಮಾಡಿ.

ಈಗ ರೋಲರಿನ ಸುತ್ತಳತೆ ಬೇಕು. ವರ್ನಿಯರ್ ಇಲ್ಲದಿದ್ದರೆ ಚಿಂತೆಯಿಲ್ಲ. ತೆಳು ಕಾಗದದ ಪಟ್ಟಿಯೊಂದನ್ನು ಫೀಡ್ ರೋಲರಿಗೆ ಬಿಗಿಯಾಗಿ ಸುತ್ತಿ, ಒಂದರ ಮೇಲೊಂದು ಬರುವಲ್ಲಿ ಪೆನ್ನಿನಲ್ಲಿ ಗೀರು ಹಾಕಿ, ಬಿಚ್ಚಿ ಅಳೆಯಿರಿ. 48 ಮಿ.ಮೀ. ವ್ಯಾಸದ ರೋಲರ್ ಅಂದುಕೊಳ್ಳೋಣ, ಸುತ್ತಳತೆ ಸುಮಾರು 151 ಬರುತ್ತದೆ. ಕವರಿನ ಒಳಗೆ ಮೋಟರ್ ಪುಲ್ಲಿಗೆ 20 ಹಲ್ಲು, ರೋಲರ್ ಪುಲ್ಲಿಗೆ 60 ಹಲ್ಲು, ಬೆಲ್ಟಿಗೆ 100 ಹಲ್ಲು ಇದೆ ಅಂತಿಟ್ಟುಕೊಳ್ಳಿ. ಹಲ್ಲು ಎಣಿಸುವುದು ನೀವೇ, ಬೆಲ್ಟ್ ಮೇಲೆ ಬಹಳ ಸಲ ಅಚ್ಚೇ ಹಾಕಿರುತ್ತಾರೆ. ಹಾಗಾದರೆ ಗೆರೆ 151 ಮಿ.ಮೀ.ಗೊಂದು ಬಂದರೆ ರೋಲರಿನದು. 50 ಮಿ.ಮೀ.ಗೊಂದು ಬಂದರೆ ಮೋಟರ್ ಪುಲ್ಲಿ ಅಥವಾ ಮೋಟರಿನ ಶಾಫ್ಟ್, ಯಾಕೆಂದರೆ ರೋಲರ್ ಒಂದು ಸುತ್ತು ಬರುವಷ್ಟರಲ್ಲಿ ಅದು ಮೂರು ಸುತ್ತು ಹಾಕುತ್ತದೆ. 251 ಮಿ.ಮೀ.ಗೊಂದು ಬಂದರೆ ಬೆಲ್ಟಿನಲ್ಲಿ ಎಲ್ಲೋ ಒಂದು ಕಡೆ ಹಲ್ಲು ಕಿತ್ತಿದೆ ಅಥವಾ ಇಂಕ್ ಗಟ್ಟಿಯಾಗಿ ಕೂತಿದೆ. ಎರಡೂವರೆ ಮಿ.ಮೀ.ಗೊಂದು ಸಣ್ಣ ಸಣ್ಣ ಗೆರೆ ಬಂದರೆ ಹಲ್ಲಿಗೆ ಹಲ್ಲು ಕೂರುವುದೇ ಸರಿಯಿಲ್ಲ: ಬೆಲ್ಟ್ ಸವೆದಿದೆ ಅಥವಾ ಅತಿ ಬಿಗಿಯಾಗಿದೆ.

ನಿಮ್ಮ ಮಷಿನ್‌ನ ಈ ನಾಲ್ಕು ಅಂಕಿಗಳನ್ನು ಒಮ್ಮೆ ಲೆಕ್ಕ ಹಾಕಿ ಮಾರ್ಕರಿನಲ್ಲಿ ಕವರಿನ ಒಳಮೈಗೆ ಬರೆದಿಡಿ. ಮುಂದಿನ ಸಲ ಲೆಕ್ಕವೂ ಬೇಡ.

ಸಾಗರದಲ್ಲಿ ಕಂಡದ್ದು

ಸಾಗರದ ಮಾರಿಕಾಂಬಾ ಜಾತ್ರೆ ಮೂರು ವರ್ಷಕ್ಕೊಮ್ಮೆ. ಜಾತ್ರೆ ಬಂತು ಅಂದರೆ ಫ್ಲೆಕ್ಸ್ ಅಂಗಡಿಯವರಿಗೆ ಊಟಕ್ಕೂ ಪುರುಸೊತ್ತಿರುವುದಿಲ್ಲ. ಅಂಥ ಹೊತ್ತಲ್ಲೇ ಅಲ್ಲಿನ ಒಂದು ಅಂಗಡಿಯ ಮಷಿನ್ ಗೆರೆ ಹಾಕತೊಡಗಿತ್ತು. ಚೂಪಾದ ಗೆರೆಯಲ್ಲ, ಬಣ್ಣ ಮೆಲ್ಲಗೆ ಗಾಢವಾಗಿ, ಮೆಲ್ಲಗೆ ತಿಳಿಯಾಗಿ, ಮತ್ತೆ ಗಾಢವಾಗುವ ಅಲೆ. ಹೆಡ್ ಕ್ಲೀನಿಂಗ್, ಹೆಡ್ಡಿಗೆ ಇಂಕ್ ಹಾದುಬರುವ ಡ್ಯಾಂಪರ್ ಬದಲಾವಣೆ ಎಲ್ಲ ಆಗಿತ್ತು. ಹತ್ತು ಅಲೆ ಅಳೆದರೆ ಅರ್ಧ ಮೀಟರಿಗೆ ಕೂದಲಷ್ಟೇ ಹೆಚ್ಚು. ರೋಲರ್ ಸುತ್ತಳತೆ ಒಂದು ಅಲೆಯ ಮೂರರಷ್ಟು. ಮೇಲಿನ ಲೆಕ್ಕದಂತೆ ನೇರ ಮೋಟರ್ ಪುಲ್ಲಿಗೇ ಬಂತು.

ಕವರ್ ಬಿಚ್ಚಿ ನೋಡಿದರೆ ಕಣ್ಣಿಗೆ ಏನೂ ಕಾಣಲಿಲ್ಲ. ಇಂಥಲ್ಲಿ ಓಲಾಟ ಅಳೆಯುವ ಡಯಲ್ ಗೇಜ್ ಇದ್ದರೆ ಒಳ್ಳೆಯದು, ಅಂಗಡಿಗಳಲ್ಲಿ ಇರುವುದಿಲ್ಲ. ಬ್ಯಾನರ್ ಕಟ್ಟುವ ತಂತಿಯ ತುಂಡೊಂದನ್ನು ಬಗ್ಗಿಸಿ, ಒಂದು ತುದಿ ಚೌಕಟ್ಟಿಗೆ ಟೇಪಿನಿಂದ ಅಂಟಿಸಿ, ಇನ್ನೊಂದು ತುದಿ ಪುಲ್ಲಿಯ ಅಂಚಿಗೆ ಹೆಚ್ಚುಕಡಿಮೆ ತಾಗುವಂತೆ ಇಟ್ಟೆವು. ಪವರ್ ಆಫ್ ಮಾಡಿ ಕೈಯಲ್ಲಿ ನಿಧಾನ ತಿರುಗಿಸಿದರೆ ಒಂದು ಕಡೆ ತಂತಿ ಪುಲ್ಲಿಗೆ ಉಜ್ಜುತ್ತಿತ್ತು, ಅರ್ಧ ಸುತ್ತಿಗೆ ಬಿಲ್ ಪುಸ್ತಕದ ಹಾಳೆ ನಡುವೆ ಸಲೀಸಾಗಿ ನುಗ್ಗುತ್ತಿತ್ತು. ಪುಲ್ಲಿ ಶಾಫ್ಟಿನ ನಡುವಿಗೆ ಕೂತಿರಲಿಲ್ಲ. ಕೆಲವು ತಿಂಗಳ ಹಿಂದೆ ಯಾರೋ ಬೆಲ್ಟ್ ಹಾಕುವಾಗ ಪುಲ್ಲಿ ತೆಗೆದು, ಅದನ್ನು ಶಾಫ್ಟಿಗೆ ಹಿಡಿಸುವ ಎರಡು ಗ್ರಬ್ ಸ್ಕ್ರೂಗಳಲ್ಲಿ ಒಂದನ್ನೇ ಬಿಗಿದಿದ್ದರು. ಸ್ಕ್ರೂ ಒತ್ತಿದ ಕಡೆ ಶಾಫ್ಟಿನ ಮೇಲೆ ಲೋಹ ಎದ್ದು ಸಣ್ಣ ಗುಬ್ಬಿಯಾಗಿತ್ತು, ಪುಲ್ಲಿ ಅದರ ಮೇಲೆ ಏರಿ ಕೂತಿತ್ತು.

ಕಾಗದದ ಹಾಳೆಯಷ್ಟು ಓಲಾಟಕ್ಕೆ ಇಷ್ಟು ದೊಡ್ಡ ರಂಪವಾ ಅಂತ ಅಂಗಡಿಯವರಿಗೆ ನಂಬಿಕೆ ಬರಲಿಲ್ಲ. ಇಂಚಿಗೆ 360 ಚುಕ್ಕೆ ಅಂದರೆ ಚುಕ್ಕೆಯಿಂದ ಚುಕ್ಕೆಗೆ 0.07 ಮಿ.ಮೀ. ಫೀಡ್ ಅದರ ಅರ್ಧದಷ್ಟು ಆಚೀಚೆ ಆದರೂ ತಿಳಿಬಣ್ಣದಲ್ಲಿ ಕಣ್ಣು ಹಿಡಿದುಬಿಡುತ್ತದೆ. ಶಾಫ್ಟಿನ ಗುಬ್ಬಿಯನ್ನು ನಯವಾದ ಎಮರಿ ಕಾಗದದಲ್ಲಿ ತಿಕ್ಕಿ, ಪುಲ್ಲಿ ಕೂರಿಸಿ, ಒಂದು ಸ್ಕ್ರೂ ಶಾಫ್ಟಿನ ಚಪ್ಪಟೆ ಭಾಗಕ್ಕೆ ಬರುವಂತೆ ನೋಡಿ ಎರಡನ್ನೂ ಸ್ವಲ್ಪ ಸ್ವಲ್ಪವಾಗಿ ಸಮನಾಗಿ ಬಿಗಿದು, ನೀಲಿ ಥ್ರೆಡ್‌ಲಾಕರ್ (ಸ್ಕ್ರೂ ಸಡಿಲಾಗದಂತೆ ಹಿಡಿಯುವ ಅಂಟು) ಒಂದು ಹನಿ ಹಾಕಿದ್ದಷ್ಟೇ ರಿಪೇರಿ. ಕೆಂಪು ಥ್ರೆಡ್‌ಲಾಕರ್ ಹಾಕಬೇಡಿ, ಮುಂದೆ ಬಿಚ್ಚುವವನು ನಿಮ್ಮನ್ನು ಶಪಿಸುತ್ತಾನೆ.

ಪುಲ್ಲಿ ಬಿಗಿದ ಮೇಲೆ ಶಾಫ್ಟಿನ ತುದಿಯಿಂದ ಪುಲ್ಲಿಯ ಮುಖದವರೆಗೆ ಮಾರ್ಕರಿನಲ್ಲಿ ಒಂದು ನೇರ ಗೀರು ಎಳೆಯಿರಿ. ಪುಲ್ಲಿ ಶಾಫ್ಟಿನ ಮೇಲೆ ಜಾರಿದರೆ ಆ ಗೀರು ಎರಡು ತುಂಡಾಗಿ ಕಾಣುತ್ತದೆ. ಕ್ಯಾರೇಜ್ ಮೋಟರಿಗೂ ಹಾಗೇ ಮಾಡಿ.

ರೋಲರ್, ಪಿಂಚ್ ರೋಲರ್, ಸುತ್ತುವ ಮೋಟರ್

ರೋಲರಿನ ಸುತ್ತಳತೆಗೆ ಸರಿಯಾಗಿ ಗೆರೆ ಬಂದರೆ ಮೊದಲ ಸಂಶಯ ರೋಲರ್ ಬಾಗಿದೆ ಅಂತಲ್ಲ, ಅದರ ಮೇಲೆ ಏನೋ ಅಂಟಿದೆ ಅಂತ. ಸ್ಟಿಕರ್ ವಿನೈಲಿನ ಗೋಂದು, ಒಣಗಿದ ಇಂಕ್, ಟೇಪಿನ ಚೂರು. ಬೆರಳು ಸವರುತ್ತ ರೋಲರನ್ನು ಪೂರ್ತಿ ಒಂದು ಸುತ್ತು ತಿರುಗಿಸಿ, ಕಣ್ಣಿಗಿಂತ ಬೆರಳಿಗೆ ಬೇಗ ಸಿಗುತ್ತದೆ. ಉಗುರಿನಿಂದಲೋ ಪ್ಲಾಸ್ಟಿಕ್ ಸ್ಕ್ರೇಪರಿನಿಂದಲೋ ತೆಗೆಯಿರಿ. ಕಟರ್ ಬ್ಲೇಡ್ ಹಿಡಿದವರ ರೋಲರ್ ಎಷ್ಟೋ ನೋಡಿದ್ದೇನೆ, ಗೋಂದು ಹೋಗಿ ಅದರ ಜಾಗದಲ್ಲಿ ಗೀರು ಕೂತಿರುತ್ತದೆ. ಫ್ಲೆಕ್ಸನ್ನು ಫೀಡ್ ರೋಲರಿಗೆ ಒತ್ತಿ ಹಿಡಿಯುವ ರಬ್ಬರ್ ಪಿಂಚ್ ರೋಲರಿಗೆ ಸಾಲ್ವೆಂಟ್ ತಾಗಿಸಬೇಡಿ, ರಬ್ಬರ್ ಉಬ್ಬುತ್ತದೆ.

ಗೆರೆಗೆ ಲೆಕ್ಕವೇ ಸಿಗದೆ ಬೇಕಾದಾಗ ಬಂದು ಬೇಡದಾಗ ಹೋಗುತ್ತಿದ್ದರೆ ಫ್ಲೆಕ್ಸ್ ಜಾರುತ್ತಿದೆ. ಪಿಂಚ್ ರೋಲರಿನ ಸ್ಪ್ರಿಂಗ್ ಸೋತಿರಬಹುದು. ಅಥವಾ ಮುಂದುಗಡೆ ಪ್ರಿಂಟ್ ಆದ ಫ್ಲೆಕ್ಸ್ ಸುತ್ತುವ ಮೋಟರ್ ಬಿಡದೆ ಎಳೆಯುತ್ತಿರಬಹುದು. ಆ ಮೋಟರನ್ನು ಆಫ್ ಮಾಡಿ, ಫ್ಲೆಕ್ಸನ್ನು ಸುಮ್ಮನೆ ನೆಲಕ್ಕೆ ಇಳಿಬಿಟ್ಟು ಒಂದು ಮೀಟರ್ ಹಾಕಿ ನೋಡಿ. ಗೆರೆ ಮಾಯವಾದರೆ ಎಳೆತದ ಸೆನ್ಸರ್ ಕಡೆ ನೋಡಬೇಕು. ರಾಜ್ಯ ಸರ್ಕಾರ 2016ರಲ್ಲಿ ಪ್ಲಾಸ್ಟಿಕ್ ಫ್ಲೆಕ್ಸ್ ನಿಷೇಧಿಸಿದ ಮೇಲೆ ಬಟ್ಟೆ ಬ್ಯಾನರ್ ಹಾಕುವ ಅಂಗಡಿಗಳೂ ಇವೆಯಷ್ಟೆ, ಅವರಿಗೆ ಈ ತೊಂದರೆ ಇನ್ನೂ ಹೆಚ್ಚು. ಬಟ್ಟೆ ಎಳೆದಷ್ಟು ಹಿಗ್ಗುತ್ತದೆ, ಫ್ಲೆಕ್ಸಿಗೆ ಇಟ್ಟ ಎಳೆತ ಅದಕ್ಕೆ ಆಗುವುದಿಲ್ಲ.

ಪ್ರಿಂಟ್ ಓರೆಯಾಗಿ ಹೋಗುತ್ತಿದ್ದರೆ ರೋಲ್ ಹಾಕಿದ್ದು ನೇರ ಇಲ್ಲ, ಇಲ್ಲವೇ ಎಡಬಲ ಪಿಂಚ್ ಒತ್ತಡ ಸಮನಿಲ್ಲ. ಅಂಚಿಗೆ ಪಟ್ಟಿ ಟೇಪ್ ಹಚ್ಚಿ, ಪ್ರಿಂಟ್ ಮಾಡದೆ ಮೂರು ಮೀಟರ್ ಫೀಡ್ ಕೊಟ್ಟರೆ ಯಾವ ಕಡೆಗೆ ಎಷ್ಟು ಸರಿಯಿತು ಅಂತ ಕಾಣುತ್ತದೆ.

ಉದ್ದಗೆರೆ: ಜಾಗ ಸರಿಸಿ ನೋಡಿ

ಇಲ್ಲಿನ ಪರೀಕ್ಷೆ ಬೇರೆ. ಅದೇ ಫೈಲನ್ನು ಒಮ್ಮೆ ಇದ್ದ ಜಾಗದಲ್ಲಿ, ಇನ್ನೊಮ್ಮೆ 300 ಮಿ.ಮೀ. ಪಕ್ಕಕ್ಕೆ ಸರಿಸಿ ಹಾಕಿ. ಗೆರೆ ಚಿತ್ರದ ಜೊತೆ ಸರಿದರೆ ಅದು ಫೈಲಿನದೋ, ಫೈಲನ್ನು ಚುಕ್ಕೆಗಳಾಗಿ ಬದಲಿಸಿ ಮಷಿನ್‌ಗೆ ಕಳಿಸುವ ರಿಪ್ ಸಾಫ್ಟ್‌ವೇರಿನದೋ, ಮಷಿನ್ ಮುಟ್ಟಬೇಡಿ. ಗೆರೆ ಮಷಿನ್‌ನ ಅದೇ ಜಾಗದಲ್ಲಿ ನಿಂತರೆ ಆ ಜಾಗದಲ್ಲಿ ರೈಲಿಗೋ ಎನ್‌ಕೋಡರ್ ಪಟ್ಟಿಗೋ ಏನೋ ಆಗಿದೆ. ಸಮ ಅಂತರದಲ್ಲಿ ಅಗಲಕ್ಕೂ ಬಂದರೆ ಮತ್ತೆ ಸ್ಕೇಲ್: 5 ಮಿ.ಮೀ. ಪಿಚ್ಚಿನ ಬೆಲ್ಟ್, 24 ಹಲ್ಲಿನ ಪುಲ್ಲಿ ಇದ್ದರೆ ಪುಲ್ಲಿಯ ಒಂದು ಸುತ್ತು 120 ಮಿ.ಮೀ., ಒಂದು ಹಲ್ಲು 5 ಮಿ.ಮೀ. ಪ್ರಿಂಟ್ ಶುರುವಾಗುವ ಅಂಚಿನಲ್ಲಷ್ಟೇ ನಾಲ್ಕಾರು ಅಲೆ ಬಂದು ಆಮೇಲೆ ಸರಿಹೋದರೆ ಕ್ಯಾರೇಜ್ ವೇಗ ಹಿಡಿದು ಸ್ಥಿರವಾಗುವ ಮೊದಲೇ ಇಂಕ್ ಬೀಳುತ್ತಿದೆ. ಹೆಚ್ಚಾಗಿ ಬೆಲ್ಟ್ ಸಡಿಲ.

ಎನ್‌ಕೋಡರ್ ಪಟ್ಟಿ ಅಂದರೆ ಬೀಮ್ (ಕ್ಯಾರೇಜ್ ಓಡುವ ಅಡ್ಡತೊಲೆ) ಉದ್ದಕ್ಕೂ ಎಳೆದು ಕಟ್ಟಿರುವ ಪಾರದರ್ಶಕ ಪಟ್ಟಿ. ಇಕೋ ಸಾಲ್ವೆಂಟ್ ಮಷಿನ್‌ಗಳಲ್ಲಿ ಸಾಮಾನ್ಯವಾಗಿ ಅದರ ಮೇಲೆ ಇಂಚಿಗೆ 180 ಗೆರೆ, ಅಂದರೆ 0.14 ಮಿ.ಮೀ.ಗೊಂದು. ಕ್ಯಾರೇಜಿನ ಬೆನ್ನಿಗಿರುವ ಸೆನ್ಸರ್ ಈ ಗೆರೆ ಎಣಿಸಿಯೇ ಹೆಡ್ ಎಲ್ಲಿದೆ ಅಂತ ತಿಳಿಯುವುದು, ಇಂಕ್ ಹಾರಿಸಲು ಆದೇಶ ಹೋಗುವುದೂ ಈ ಎಣಿಕೆಯ ಮೇಲೆ. ಪಟ್ಟಿಗೆ ಗ್ರೀಸಿನ ಬೆರಳು ತಾಗಿದರೆ, ಇಂಕಿನ ಮಂಜು ಕೂತರೆ, ಆ ಜಾಗದಲ್ಲಿ ಎಣಿಕೆ ತಪ್ಪುತ್ತದೆ. ಸಣ್ಣ ಕಲೆಯಾದರೆ ಚಿತ್ರ ಒಂದೆಳೆ ಪಕ್ಕಕ್ಕೆ ಜಿಗಿಯುತ್ತದೆ. ದೊಡ್ಡ ಕಲೆಯಾದರೆ ಬೋರ್ಡಿಗೆ ಕ್ಯಾರೇಜ್ ಕದಲಿಯೇ ಇಲ್ಲ ಅನ್ನಿಸಿ ಮೋಟರಿಗೆ ಇನ್ನಷ್ಟು ಶಕ್ತಿ ಕೊಡುತ್ತದೆ, ಕ್ಯಾರೇಜ್ ಧಡಾರನೆ ಹೋಗಿ ತುದಿಗೆ ಬಡಿಯುತ್ತದೆ. ‘ಮಷಿನ್ ಹುಚ್ಚು ಹಿಡಿದ ಹಾಗೆ ಗುದ್ದುತ್ತೆ’ ಅಂತ ಯಾರಾದರೂ ಹೇಳಿದರೆ ನಾನು ಮೊದಲು ನೋಡುವುದು ಇದನ್ನೇ.

ಒರೆಸುವುದು ಹೀಗೆ. ಪವರ್ ಆಫ್. ಎಳೆ ಬಿಡದ ಮೆತ್ತನೆ ಬಟ್ಟೆಯನ್ನು ಮಡಿಸಿ ಪಟ್ಟಿಯನ್ನು ಎರಡೂ ಕಡೆಯಿಂದ ಹಿಡಿದು, ಮೊದಲು ಒಣ ಬಟ್ಟೆಯಲ್ಲಿ, ಆಮೇಲೆ ಶುದ್ಧ ನೀರಿಗೆ ಒಂದಿಷ್ಟು ಐಸೊಪ್ರೊಪೈಲ್ ಆಲ್ಕೊಹಾಲ್ ಬೆರೆಸಿ ತೇವ ಮಾಡಿದ ಬಟ್ಟೆಯಲ್ಲಿ ಒಂದೇ ದಿಕ್ಕಿಗೆ ಎಳೆಯಿರಿ. ಹೆಡ್ ತೊಳೆಯುವ ಸಾಲ್ವೆಂಟ್ ಅಥವಾ ಥಿನ್ನರ್ ತಾಗಿಸಿದರೆ ಕಲೆಯ ಜೊತೆ ಪಟ್ಟಿಯ ಗೆರೆಗಳೂ ಅಳಿಸಿಹೋಗಬಹುದು, ಆಮೇಲೆ ಹೊಸ ಪಟ್ಟಿಯೇ ಗತಿ. ಪಟ್ಟಿ ಸೆನ್ಸರಿನ ಸೀಳಿನ ನಟ್ಟನಡುವೆ ಹಾದುಹೋಗಬೇಕು, ಎಲ್ಲೂ ಉಜ್ಜಬಾರದು. ಒಂದು ತುದಿಯ ಸ್ಪ್ರಿಂಗ್ ಬಿಗಿಯಿದೆಯಾ ನೋಡಿ. ದೊಡ್ಡ ಮಷಿನ್‌ಗಳಲ್ಲಿ ಕೆಲವಕ್ಕೆ ಪಾರದರ್ಶಕ ಪಟ್ಟಿಯ ಬದಲು ಕಪ್ಪು ಮ್ಯಾಗ್ನೆಟಿಕ್ ಪಟ್ಟಿ ಅಂಟಿಸಿರುತ್ತಾರೆ. ಅಂಥ ಬೀಮಿಗೆ ಕತ್ತರಿ, ಕಟರ್ ನೇತುಹಾಕಲು ಮ್ಯಾಗ್ನೆಟ್ ಅಂಟಿಸುವ ಅಭ್ಯಾಸ ಬಿಟ್ಟುಬಿಡಿ. ಇನ್ನು ಕೆಲವಕ್ಕೆ ಪಟ್ಟಿಯೇ ಇಲ್ಲ, ಸರ್ವೊ ಮೋಟರಿನ ಹಿಂದಿನ ಎನ್‌ಕೋಡರ್ ಎಣಿಕೆಯೇ ಆಧಾರ. ಅಲ್ಲಿ ಬೆಲ್ಟ್ ಸಡಿಲಾದರೆ, ಪುಲ್ಲಿ ಜಾರಿದರೆ ಆ ತಪ್ಪು ನೇರ ಚಿತ್ರಕ್ಕೇ ಬೀಳುತ್ತದೆ.

ಎಣಿಕೆ ತಪ್ಪುತ್ತಿದೆಯಾ ಅಂತ ತಿಳಿಯಲು ಕ್ಯಾರೇಜ್ ಹೋಮಿನಲ್ಲಿ (ಕೆಲಸವಿಲ್ಲದಾಗ ನಿಲ್ಲುವ ಜಾಗ) ಇದ್ದಾಗ ಬೀಮಿಗೆ ಪೇಪರ್ ಟೇಪ್ ಹಚ್ಚಿ, ಕ್ಯಾರೇಜಿನ ಅಂಚಿಗೆ ಸರಿಯಾಗಿ ಪೆನ್ಸಿಲ್ ಗೀರು ಹಾಕಿ. ಸಾಫ್ಟ್‌ವೇರಿನಿಂದ 1000 ಮಿ.ಮೀ. ಕಳಿಸಿ, ಅಷ್ಟೇ ವಾಪಸ್ ಕರೆಸಿ. ನಾಲ್ಕೈದು ಸಲ ಓಡಾಡಿಸಿದ ಮೇಲೂ ಗೀರಿಗೆ ಬಂದು ನಿಂತರೆ ಎಣಿಕೆ ಸರಿಯಿದೆ.

ಬೇರಿಂಗಿನ ಪರೀಕ್ಷೆಗೆ ಉಪಕರಣ ಬೇಡ. ಪವರ್ ಆಫ್ ಮಾಡಿ, ಹೆಡ್ ಪ್ಲೇಟನ್ನು ಎರಡು ಬೆರಳಲ್ಲಿ ಹಿಡಿದು ಹಿಂದೆ ಮುಂದೆ ಹಗುರವಾಗಿ ಅಲುಗಿಸಿ. ‘ಟಕ್’ ಅಂದರೆ ಬ್ಲಾಕ್ (ರೈಲ್ ಮೇಲೆ ಜಾರುವ ಬೇರಿಂಗ್) ಸವೆದಿದೆ ಅಥವಾ ಅದರ ಬೋಲ್ಟ್ ಸಡಿಲವಾಗಿದೆ. ಬೈಡೈರೆಕ್ಷನ್‌ನಲ್ಲಿ (ಕ್ಯಾರೇಜ್ ಹೋಗುವಾಗಲೂ ಬರುವಾಗಲೂ ಪ್ರಿಂಟ್) ಅಕ್ಷರದ ಅಂಚು ಜೋಡಿಯಾಗಿ ಕಂಡು, ಒಂದೇ ದಿಕ್ಕಿನಲ್ಲಿ ಹಾಕಿದರೆ ಸರಿಯಿದ್ದರೂ ಇದನ್ನು ನೋಡಿಯೇ ಆಮೇಲೆ ಕ್ಯಾಲಿಬ್ರೇಷನ್ ಮಾಡಿ. ಅಲುಗಾಡುವ ಕ್ಯಾರೇಜಿಗೆ ಇವತ್ತು ಹೊಂದಿಸಿದ್ದು ನಾಳೆ ಇರುವುದಿಲ್ಲ.

ಮಳೆಗಾಲದ ಮಷಿನ್

ಮಷಿನ್ ಮಾಡಿದವರು ಸಾಮಾನ್ಯವಾಗಿ ಬಯಸುವ ಆರ್ದ್ರತೆ 40ರಿಂದ 60 ಶೇಕಡಾ. ಜೂನ್ ಕಳೆದ ಮೇಲೆ ತೀರ್ಥಹಳ್ಳಿ, ಹೊಸನಗರದ ಕಡೆ ಗೋಡೆಯೇ ಬೆವರುತ್ತಿರುತ್ತದೆ. ರೈಲ್ ಉಕ್ಕಿನದು, ತುಕ್ಕು ಹಿಡಿಯದೆ ಇನ್ನೇನು ಮಾಡೀತು. ಹೆಚ್ಚು ಹಿಡಿಯುವುದು ಕ್ಯಾರೇಜ್ ಹೋಗದ ದೂರದ ತುದಿಯಲ್ಲಿ. ಮೂರಡಿ ಫ್ಲೆಕ್ಸನ್ನೇ ಹಾಕುತ್ತಿದ್ದು ಒಂದು ದಿನ ಗಣಪತಿ ಹಬ್ಬಕ್ಕೆ ಹತ್ತಡಿ ಹಾಕಲು ಹೊರಟರೆ ಕ್ಯಾರೇಜ್ ಆ ತುಕ್ಕಿನ ಮೇಲೆ ಹತ್ತಿ ಬ್ಲಾಕಿನ ಒಳಗೆ ಪುಡಿ ಎಳೆದುಕೊಂಡು ಬರುತ್ತದೆ. ಬಿಳಿ ಬಟ್ಟೆ ಬೆರಳಿಗೆ ಸುತ್ತಿ ರೈಲ್ ಪೂರ್ತಿ ಸವರಿ. ಕಪ್ಪು ಬಂದರೆ ಹಳೆ ಗ್ರೀಸ್, ಕಂದು ಬಂದರೆ ತುಕ್ಕು. ಮಳೆಗಾಲದಲ್ಲಿ ಕೆಲಸ ಇರಲಿ ಬಿಡಲಿ ದಿನಕ್ಕೊಮ್ಮೆ ಕ್ಯಾರೇಜನ್ನು ಈ ತುದಿಯಿಂದ ಆ ತುದಿಗೆ ಓಡಿಸಿ.

ಎಣ್ಣೆಯ ವಿಷಯದಲ್ಲಿ ನನ್ನದು ಸ್ವಲ್ಪ ಹಟ. ಗ್ರೀಸ್ ನಿಪ್ಪಲ್ ಇರುವ ಬ್ಲಾಕಿಗೆ ಲಿಥಿಯಂ ಗ್ರೀಸ್, ಶಾಫ್ಟಿನ ಮೇಲೆ ಬುಷ್ ಜಾರುವ ಮಷಿನ್‌ಗೆ ಕೈಪಿಡಿ ಹೇಳಿದ ತೆಳು ಎಣ್ಣೆ. ಡಬ್ಲ್ಯುಡಿ-40 ತುಕ್ಕು ಬಿಡಿಸಲು ಒಳ್ಳೆಯದು, ಆದರೆ ಹಾಕಿ ಹಾಗೇ ಬಿಟ್ಟರೆ ಇದ್ದ ಗ್ರೀಸನ್ನೂ ತೊಳೆದು ತೆಗೆಯುತ್ತದೆ. ಕೊಬ್ಬರಿ ಎಣ್ಣೆ ಹಾಕಿದವರೂ ಇದ್ದಾರೆ. ಅದು 24 ಡಿಗ್ರಿಯ ಹತ್ತಿರ ಗಟ್ಟಿಯಾಗುತ್ತದೆ, ಮಲೆನಾಡಿನ ಡಿಸೆಂಬರ್ ಬೆಳಿಗ್ಗೆ ಅದಕ್ಕಿಂತ ತಣ್ಣಗೇ ಇರುತ್ತದೆ. ಬೆಳಿಗ್ಗೆ ಸರ್ವೊ ಓವರ್‌ಲೋಡ್ ಅಲಾರಂ, ಮಧ್ಯಾಹ್ನ ಬಿಸಿಲೇರಿದ ಮೇಲೆ ಎಲ್ಲ ಸರಿ ಅಂದರೆ ರೈಲ್ ಮೇಲೆ ಏನು ಹಾಕಿದ್ದೀರಿ ಅಂತ ಕೇಳಿ ನೋಡಿ.

ಯಾಂತ್ರಿಕ ದೋಷದಂತೆ ಕಂಡು ಹಾಗಲ್ಲದ್ದು ಇನ್ನೊಂದಿದೆ. ಸ್ಟಿಕರ್ ವಿನೈಲಿನ ಹಿಂದಿನ ಕಾಗದ ಗಾಳಿಯ ತೇವ ಹೀರಿ ಅಲೆಯಲೆಯಾಗಿ ಏಳುತ್ತದೆ, ಕ್ಯಾರೇಜ್ ಆ ಅಲೆಗೆ ತಾಗಿ ‘ಸರ್ರ್’ ಅನ್ನುತ್ತದೆ. ರೈಲ್ ಬಾಗಿದೆ ಅಂತ ಹೆದರಿ ಬಿಚ್ಚಬೇಡಿ. ಫ್ಲೆಕ್ಸ್ ಹಾಕಿ ನೋಡಿ, ಸದ್ದು ನಿಂತರೆ ದೋಷ ರೋಲಿನದು. ಸ್ಟಿಕರ್ ರೋಲನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ನೆಲಕ್ಕೆ ತಾಗದಂತೆ ಇಡಿ.

ಹಲ್ಲಿ, ಇರುವೆ, ಇಲಿ ಬಗ್ಗೆ ಇಲ್ಲಿನವರಿಗೆ ಹೇಳಬೇಕಾಗಿಲ್ಲ. ಅಡಿಕೆ ಮಂಡಿಯ ಪಕ್ಕದ ಅಂಗಡಿಯಾದರೆ ಕೇಬಲ್ ಟ್ರೇ ಒಳಗೆ ಟಾರ್ಚ್ ಹಾಕಿ ನೋಡುವುದು ವಾಡಿಕೆ ಮಾಡಿಕೊಳ್ಳಿ. ಕ್ಯಾರೇಜ್ ಒಂದು ಜಾಗ ದಾಟುವಾಗ ಮಾತ್ರ ಬಣ್ಣ ತಪ್ಪುತ್ತಿದ್ದರೆ ಹೆಡ್ಡಿನ ಕೇಬಲ್ ಅಲ್ಲಿ ಮಡಚುವ ಕಡೆ ಸೀಳಿರಬಹುದು, ಇಲಿ ಕಡಿದದ್ದೂ ಇರಬಹುದು.

ನೀವೇ ಕೈ ಹಾಕಬಾರದ್ದು

ರೈಲಿನ ನೇರ ತಪ್ಪಿದ್ದರೆ, ಬೀಮ್ ಕದಲಿದ್ದರೆ, ಸರ್ವೊ ಡ್ರೈವಿನ ಒಳಗೆ ಕೆಲಸ ಇದ್ದರೆ ಎಂಜಿನಿಯರ್ ಕರೆಸಿ. ಬೀಮಿನ ಬೋಲ್ಟ್ ಒಮ್ಮೆ ಸಡಿಲಿಸಿದರೆ ಅದನ್ನು ಮೊದಲಿನಂತೆ ಕೂರಿಸಲು ಸ್ಕೇಲ್ ಸಾಲುವುದಿಲ್ಲ. ಡ್ರೈವಿನ ಕೆಪಾಸಿಟರ್‌ಗಳಲ್ಲಿ ಪವರ್ ತೆಗೆದ ಮೇಲೂ ಸ್ವಲ್ಪ ಹೊತ್ತು ಚಾರ್ಜ್ ಉಳಿದಿರುತ್ತದೆ. ಸಾಲ್ವೆಂಟ್ ಕ್ಯಾನ್ ತೆರೆದಿರುವ ಕೋಣೆಯಲ್ಲಿ ಸೋಲ್ಡರಿಂಗ್ ಬೇಡ.

ಎಂಜಿನಿಯರ್ ಬರುವ ಮೊದಲು ಅವರಿಗೆ ಕಳಿಸಬೇಕಾದ್ದು: ಒಂದೇ ಛಾಯೆಯ ಪ್ರಿಂಟ್ ಮೇಲೆ ಟೇಪ್ ಹಾಸಿ, ಅಂಕಿಗಳು ಓದುವಂತೆ ತೆಗೆದ ಫೋಟೊ. ಎರಡು ಬೇರೆ ಪಾಸಿನವು ಇದ್ದರೆ ಎರಡೂ. ಜೊತೆಗೆ ರೋಲರ್ ಸುತ್ತಳತೆ, ಪುಲ್ಲಿ ಹಲ್ಲು. ಬರೀ ‘ಗೆರೆ ಬರ್ತಾ ಇದೆ ಸಾರ್’ ಅನ್ನುವ ವಿಡಿಯೊ ನೋಡಿ ದೂರದಿಂದ ಯಾರೂ ಏನೂ ಹೇಳಲಾರರು.

ರಿಪೇರಿ ಮುಗಿದ ಮೇಲೆ ಕ್ರಮ ತಪ್ಪಿಸಬೇಡಿ. ಬೆಲ್ಟ್, ಪುಲ್ಲಿ, ಬೇರಿಂಗ್ ಯಾವುದನ್ನು ಮುಟ್ಟಿದ್ದರೂ ಮೊದಲು ಸ್ಟೆಪ್, ಆಮೇಲೆ ಬೈಡೈರೆಕ್ಷನ್ ಕ್ಯಾಲಿಬ್ರೇಷನ್ ಹೊಸದಾಗಿ ಮಾಡಿ, ನೀವು ದಿನಾ ಹಾಕುವ ವೇಗದಲ್ಲೇ ಮಾಡಿ, ಬೇರೆ ವೇಗದಲ್ಲಿ ಹೊಂದಿಸಿದ್ದು ಅದಕ್ಕೆ ಕೂರುವುದಿಲ್ಲ. ಹೊಸ ಬೆಲ್ಟ್ ಹಾಕಿದ್ದರೆ ಒಂದೆರಡು ವಾರ ಓಡಿದ ಮೇಲೆ ಸ್ವಲ್ಪ ಹಿಗ್ಗಿರುತ್ತದೆ, ಬಿಗಿ ನೋಡಿ ಇನ್ನೊಮ್ಮೆ ಸ್ಟೆಪ್ ಪರೀಕ್ಷಿಸಿ. ಸರಿಯಾದ ಮೇಲೆ ಹಾಕಿದ ಛಾಯೆಯ ಪ್ರಿಂಟಿನಿಂದ ಒಂದಡಿ ಕತ್ತರಿಸಿ, ತಾರೀಖು, ಪಾಸ್, ಸ್ಟೆಪ್ ಅಂಕಿ ಬರೆದು ಗೋಡೆಗೆ ಹಚ್ಚಿ. ಮುಂದೆ ಸಂಶಯ ಬಂದಾಗ ಹೊಸ ಪ್ರಿಂಟನ್ನು ಅದರ ಪಕ್ಕ ಹಿಡಿದು ನೋಡಬಹುದು.